ಅಜ್ಜಿಯ ಕಾಲ್ಕಡಗ ಕೊಟ್ಟು ಹೊಸ ಗೆಜ್ಜೆ ತಗೊಳ್ಳಲಾ?

ಗದಗದ ಮೊಮ್ಮಗಳು:
ಅಜ್ಜಿಯ ಒಂದು ಜೊತೆ ಬೆಳ್ಳಿ ಕಾಲ್ಕಡಗ ನನ್ನ ಪಾಲಿಗೆ ಬಂದಿದೆ. ಎರಡೂ ಸೇರಿ 310 ಗ್ರಾಂ. ಒಂದರಲ್ಲಿ ತಿರುಪಿನ ಹತ್ತಿರ ಬೆಸುಗೆ ಬಿಟ್ಟಿದೆ. ಅಂಗಡಿಯವರು ಟಚ್ (ಕಲ್ಲಿಗೆ ಉಜ್ಜಿ ನೋಡುವ ಶುದ್ಧತೆ) ನೋಡಿ ನೂರಕ್ಕೆ 70 ಅಂದರು. ಲೆಕ್ಕಕ್ಕೆ 217 ಗ್ರಾಂ ಬೆಳ್ಳಿ ಅಷ್ಟೇ. ಬದಲಿಗೆ 925ರ, ಅಂದರೆ ನೂರಕ್ಕೆ 92.5 ಬೆಳ್ಳಿ ಇರುವ, ಮಷೀನ್ ಗೆಜ್ಜೆ ಕೊಡುತ್ತಾರಂತೆ. "ಕೊಟ್ಟುಬಿಡು, ಯಾರು ಹಾಕ್ಕೋತಾರೆ" ಅಂತಾಳೆ ಅವ್ವ. ಏನು ಮಾಡಲಿ?

ಸುಮ್ನೆ ಓದುಗ:
ಕೊಟ್ಟುಬಿಡಿ. ಬೀರುವಿನಲ್ಲಿ ಕಪ್ಪಾಗುತ್ತಾ ಕೂತಿರುತ್ತೆ.

ಪತ್ತಾರರ ಮಗಳು:
ಸ್ವಲ್ಪ ತಡೀರಿ. ಟಚ್‌ಗೆ ಉಜ್ಜಿದ್ದು ಎಲ್ಲಿ? ಬೆಸುಗೆಯ ಪಕ್ಕದಲ್ಲಾ? ಒಡವೆ ಕರಗುವ ಮೊದಲೇ ಬೆಸುಗೆ ಕರಗಬೇಕಲ್ವಾ, ಹಾಗಾಗಿ ಅದರಲ್ಲಿ ಬೇರೆ ಲೋಹ ಜಾಸ್ತಿ. ಅಲ್ಲಿ ಉಜ್ಜಿದರೆ ಟಚ್ ಕಡಿಮೆಯೇ ಬರುತ್ತೆ. ಬೇರೆ ಕಡೆ, ಕಡಗದ ನಡುವೆ ನೋಡಿಸಿ. ಅಲ್ಲೂ 925 ಬರಲಿಕ್ಕಿಲ್ಲ. ಬರೀ ಬೆಳ್ಳಿ ಮೆತ್ತಗೆ, ಗಟ್ಟಿಯಾಗಲಿ ಅಂತ ತಾಮ್ರ ಬೆರೆಸುತ್ತಾರೆ.

ದುಡ್ಡಿನ ಲೆಕ್ಕದಲ್ಲಿ ಕೈಕೆಲಸಕ್ಕೆ ಬೆಲೆ ಇಲ್ಲ, ಅದು ನಿಜ. ಕರಗಿಸಿದರೆ ಬೆಳ್ಳಿಯ ರೇಟು ಮಾತ್ರ. ಆದರೆ ಹೊಸ ಗೆಜ್ಜೆಗೆ ಕೊಡುವ ಮಜೂರಿಯೂ ನಾಳೆ ಹಾಗೇ ಹೋಗುತ್ತೆ. ನಾನು ತಗೊಂಡ ಮಷೀನ್ ಗೆಜ್ಜೆ ಎರಡು ವರ್ಷದಲ್ಲಿ ಮೂರು ಸಲ ಕಿತ್ತಿತು. ಅಪ್ಪ ಬೆಸೆಯಲು ಕೂತರು. ಕೊಂಡಿ ಎಷ್ಟು ತೆಳುವಾಗಿತ್ತೆಂದರೆ ಬೆಸುಗೆಗಿಂತ ಮೊದಲು ಅದೇ ಕರಗಿತು! ನಿಮ್ಮ ಕಡಗಕ್ಕೆ ಆ ಭಯವಿಲ್ಲ. ಒಳಗೆ ಅರಗು ತುಂಬಿದೆಯಾ ಅಂತ ಮಾತ್ರ ಮೊದಲೇ ನೋಡಿಸಿ, ಬೆಂಕಿ ತಾಗಿದರೆ ಉಕ್ಕಿ ಬರುತ್ತೆ.

ಇನ್ನೊಂದು ಮಾತು. ಫಳಫಳ ಅನ್ನಿಸಲು ಯಾವ ದ್ರಾವಣದಲ್ಲೂ ಅದ್ದಬೇಡಿ. ಕೆತ್ತನೆಯ ಗೆರೆಯೊಳಗೆ ಕಪ್ಪು ಇದ್ದರೇ ಹೂಬಳ್ಳಿ ಎದ್ದು ಕಾಣೋದು. ಮೆತ್ತನೆ ಬಟ್ಟೆಯಲ್ಲಿ ವಿಭೂತಿ ಹಾಕಿ ಮೇಲ್ಮೇಲೆ ಉಜ್ಜಿ, ಸಾಕು.

ಸುಮ್ನೆ ಓದುಗ:
ಎಲ್ಲ ಸರಿ ಅಕ್ಕಾ, ಒಂದೊಂದು ಕಾಲಿಗೆ 155 ಗ್ರಾಂ ಹಾಕ್ಕೊಂಡು ಆಫೀಸಿಗೆ ಹೋಗೋಕಾಗುತ್ತಾ?

ಪತ್ತಾರರ ಮಗಳು:
ಆಗಲ್ಲಪ್ಪಾ. ನಾನೂ ಜಾತ್ರೆಗೆ, ಪಂಚಮಿಗೆ ಮಾತ್ರ. ಅದೂ ಸಂಜೆ ಹೊತ್ತಿಗೆ ತೆಗೆದಿಡ್ತೀನಿ.

ಗದಗದ ಮೊಮ್ಮಗಳು:
ಬೇರೆ ಪತ್ತಾರರ ಹತ್ತಿರ ಹೋಗಿದ್ದೆ. ನಡುವೆ ಉಜ್ಜಿದರೆ 82 ಬಂತು. ಅರಗಿಲ್ಲ, ಗಟ್ಟಿ ಕಡಗವಂತೆ. ಎರಡನ್ನೂ ಬೇರೆ ಬೇರೆ ತೂಗಿದರು, ಒಂದು 4 ಗ್ರಾಂ ಕಡಿಮೆ. ಒಳಮೈ ಸವೆದಿದೆ ಅಂತ ಬೆರಳು ಆಡಿಸಿ ತೋರಿಸಿದರು. ಅಜ್ಜಿ ಒಂದು ಕಾಲು ಎಳೆದು ನಡೆಯುತ್ತಿದ್ದಳು ಅಂತ ಅವ್ವ ಆಗ ಹೇಳಿದಳು. ಬೆಸುಗೆಗೆ ಕೊಟ್ಟು ಬಂದಿದ್ದೇನೆ, ಶುಕ್ರವಾರ ಸಿಗುತ್ತೆ.