ಅಮ್ಮನಿಗೆ ಹೊಳೆ ದಂಡೆಯಲ್ಲಿ ಬುತ್ತಿ ಉಣ್ಣಬೇಕಂತೆ, ಯಾವ ಊರಿಗೆ ಕರ್ಕೊಂಡು ಹೋಗಲಿ?

ದಸರಾ ರಜೆಯಲ್ಲಿ ಎರಡು ದಿನ ಬಿಡುವು ಸಿಕ್ಕಿದೆ. ನಮ್ಮ ಮನೆ ದಾವಣಗೆರೆ. ಜೊತೆಗೆ ಅಮ್ಮ ಇರ್ತಾರೆ, 72 ವರ್ಷ, ಮಂಡಿ ನೋವು, ಹೆಚ್ಚು ಮೆಟ್ಟಿಲು ಆಗಲ್ಲ. ಮಗ ನಾಲ್ಕನೇ ಕ್ಲಾಸು. ಹಂಪಿ, ಜೋಗ, ದುರ್ಗದ ಕೋಟೆ ಎಲ್ಲ ನೋಡಿ ಆಗಿದೆ. ಅಮ್ಮ ಹುಟ್ಟಿದ್ದು ಹೊಳೆಸಾಲಿನ ಹಳ್ಳಿಯಲ್ಲಿ. ಮದುವೆಯಾಗಿ ಊರು ಬಿಟ್ಟ ಮೇಲೆ ಹೊಳೆ ಅಂದರೆ ಬಸ್ಸಿನ ಕಿಟಕಿಯಲ್ಲಿ ಕಂಡಷ್ಟೇ. ಈಗ "ಒಂದು ಸಲ ದಂಡೆ ಮೇಲೆ ಕೂತು ಬುತ್ತಿ ಉಣ್ಣಬೇಕು" ಅಂತ ಮಗು ಥರ ಕೇಳ್ತಿದ್ದಾರೆ. ದೊಡ್ಡ ಪ್ರವಾಸಿ ಜಾಗ ಬೇಡ. ಹೊಳೆ ಇರೋ ಸಣ್ಣ ಊರು, ನೋಡೋಕೆ ನಾಲ್ಕು ಜಾಗ, ಕೂರೋಕೆ ನೆರಳು, ಇಷ್ಟು ಸಾಕು. ಹೋಗಿ ಬಂದವರು ಹೇಳಿ.

ಹರಿಹರದಲ್ಲಿ ಬೆಳೆದವರು:

ನೀವು ದೂರ ಹುಡುಕೋದೇ ಬೇಡ. ಹದಿನೈದು ಕಿಲೋಮೀಟರ್ ಒಳಗೆ ಹರಿಹರ ಇದೆ. ದಾವಣಗೆರೆಯವರು ಹರಿಹರವನ್ನು ಊರು ಅಂತ ನೋಡೋದೇ ಇಲ್ಲ, ಹುಬ್ಬಳ್ಳಿಗೆ ಹೋಗುವಾಗ ದಾಟೋ ಸೇತುವೆ ಅಂತ ನೋಡ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಹರಿಹರೇಶ್ವರ ಗುಡಿಯಿಂದ ಶುರು ಮಾಡಿ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಮೂರ್ತಿಯ ಬಲ ಅರ್ಧ ಹರ, ಎಡ ಅರ್ಧ ಹರಿ. ಮಗನಿಗೆ ಗುಹಾಸುರನ ಕಥೆ ಹೇಳಿ: ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ವರ ಪಡೆದವನನ್ನು ಇಬ್ಬರೂ ಒಂದೇ ಮೈಯಾಗಿ ಬಂದು ಕೊಂದರು. ಆಮೇಲೆ ಮೂರ್ತಿ ಮುಂದೆ ನಿಲ್ಲಿಸಿ, ಯಾವ ಕಡೆ ಯಾರು ಅಂತ ಅವನೇ ಕಂಡುಹಿಡಿಯಲಿ. ತ್ರಿಶೂಲ ಒಂದು ಕಡೆ, ಚಕ್ರ ಇನ್ನೊಂದು ಕಡೆ.

ಆದರೆ ನನಗೆ ಆ ಗುಡಿ ಅಂದರೆ ಕಂಬಗಳು. ನಮ್ಮಪ್ಪ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಆಪರೇಟರ್. 1941ರಲ್ಲಿ ಶುರುವಾದ ಆ ಕಾರ್ಖಾನೆ ತಯಾರಿಸುತ್ತಿದ್ದದ್ದೇ ಲೇತ್ ಯಂತ್ರ. ಆ ಬಡಾವಣೆಗೆ ಯಂತ್ರಾಪುರ ಅಂತಲೇ ಹೆಸರು. ಸೋಮವಾರ ಗುಡಿಗೆ ಕರ್ಕೊಂಡು ಹೋದಾಗ ಅಪ್ಪ ಮೊದಲು ದೇವರಿಗೆ ಕೈ ಮುಗೀತಿರಲಿಲ್ಲ, ಮಂಟಪದ ಕಂಬಕ್ಕೆ ಅಂಗೈ ಇಟ್ಟು ಸುತ್ತ ಸವರುತ್ತಿದ್ದರು. "ಇದೂ ತಿರುಗಣಿ ಕೆಲಸಾನೇ ಕಣೋ. ಕಲ್ಲು ತಿರುಗಿಸಿ ಉಳಿ ಹಿಡಿದು ಕಡೆದಿದ್ದಾರೆ. ಎಲ್ಲಾದ್ರೂ ಒಂದು ಗೆರೆ ಓರೆ ಆಗಿದೆಯಾ ನೋಡು" ಅನ್ನೋರು. ಬಳಪದ ಕಲ್ಲು, ಬೆರಳಿಗೆ ಬೆಣ್ಣೆ ಥರ ಸಿಗುತ್ತೆ. ಎಂಟುನೂರು ವರ್ಷದ ಹಿಂದೆ ಕಂಬ ಕಡೆದ ಊರಲ್ಲೇ ನಮ್ಮಪ್ಪನ ಕಾಲಕ್ಕೆ ಲೇತ್ ತಯಾರಾಯ್ತು ಅನ್ನೋದು ಅವರಿಗೆ ದೊಡ್ಡ ಹೆಮ್ಮೆ. ಕಾರ್ಖಾನೆ ನಿಂತು ಎಷ್ಟೋ ವರ್ಷ ಆಯ್ತು, ಅಪ್ಪನೂ ಇಲ್ಲ. ನಾನು ಹೋದಾಗ ಈಗಲೂ ಮೊದಲು ಕಂಬವನ್ನೇ ಮುಟ್ಟೋದು. ನಿಮ್ಮ ಮಗನ ಕೈಯನ್ನೂ ಅದರ ಮೇಲೆ ಇಡಿಸಿ.

ಬಿಸಿಲು ಇಳಿದ ಮೇಲೆ ಹೋಗಿ, ಐದು ಗಂಟೆ ಸುಮಾರಿಗೆ. ಗುಡಿ ನೋಡಿ ಹೊಳೆ ಕಡೆ ಇಳಿದರೆ ಸೂರ್ಯ ಆಚೆ ದಂಡೆಯಲ್ಲಿ ಮುಳುಗ್ತಾನೆ. ಅಮ್ಮನ ಮಂಡಿಗೆ ತೊಂದರೆ ಆಗದ ಹಾಗೆ ಆಟೋದಲ್ಲೇ ಹೊಳೆವರೆಗೂ ಹೋಗಬಹುದು. ಆರೋಗ್ಯ ಮಾತೆಯ ಚರ್ಚ್ ಕೂಡ ನೋಡಿ. ಸೆಪ್ಟೆಂಬರ್ ಜಾತ್ರೆಗೆ ನಮ್ಮ ಓಣಿಯ ಎಲ್ಲ ಜಾತಿಯವರೂ ಮೇಣದ ಬತ್ತಿ ಹಿಡ್ಕೊಂಡು ಹೋಗ್ತಿದ್ವಿ.

ಚನ್ನಗಿರಿ ತಾಲ್ಲೂಕಿನವರು:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹರಿಹರದ ಹಳೆ ಹೆಸರು ಕೂಡಲೂರು. ಅಲ್ಲಿ ಕೂಡೋದು ತುಂಗಭದ್ರೆ ಮತ್ತು ಹರಿದ್ರಾ. ಆ ಹರಿದ್ರಾ ನಮ್ಮ ಸೂಳೆಕೆರೆಯಿಂದ ಹೊರಟ ನೀರು! ಶಾಂತಿಸಾಗರ ಅಂತ ಬೋರ್ಡಿನಲ್ಲಿ ಬರೆದಿರ್ತಾರೆ, ರಾಜಕುಮಾರಿ ಶಾಂತವ್ವ ಕಟ್ಟಿಸಿದಳು ಅನ್ನೋ ಕಥೆಯಿಂದ ಬಂದ ಹೆಸರು. ಎರಡು ಗುಡ್ಡದ ಸಂದಿಗೆ ಒಂದು ಏರಿ ಹಾಕಿ ಅಷ್ಟು ನೀರು ಹಿಡಿದಿದ್ದಾರೆ. ಏರಿ ಮೇಲೆ ನಿಂತರೆ ಎದುರಿನ ದಡ ಮಸುಕು ಮಸುಕಾಗಿ ಕಾಣುತ್ತೆ. ಏರಿವರೆಗೂ ವಾಹನ ಹೋಗುತ್ತೆ, ಅಮ್ಮ ಇಳಿಯದಿದ್ದರೂ ನಡೆಯುತ್ತೆ.

ದಾರಿಯಲ್ಲಿ ಸಂತೇಬೆನ್ನೂರು ಬಿಡಬೇಡಿ. ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ, ನಡು ನೀರಿನಲ್ಲಿ ವಸಂತ ಮಂಟಪ, ಪಕ್ಕದಲ್ಲಿ ದಾರಿಹೋಕರು ತಂಗುತ್ತಿದ್ದ ಮುಸಾಫಿರ್‌ಖಾನಾ. ಮೆಟ್ಟಿಲು ಕಡಿದು, ಅಮ್ಮನನ್ನು ಇಳಿಸಬೇಡಿ. ಮೇಲೆ ಕಟ್ಟೆಯಲ್ಲಿ ಕೂತರೂ ಮಂಟಪದ ನೆರಳು ನೀರಲ್ಲಿ ಅಲುಗೋದು ಕಾಣುತ್ತೆ.

ಹೊನ್ನಾಳಿ ಕಡೆಯವರು:

ಹರಿಹರದಿಂದ ಮಲೇಬೆನ್ನೂರು ಮೇಲೆ ಹೊನ್ನಾಳಿಗೆ ಬರ್ರಿ, ದಾರಿನೇ ಒಂದು ನೋಟ. ಭದ್ರಾ ಕಾಲುವೆ, ಎರಡೂ ಕಡೆ ಭತ್ತ, ಅಡಿಕೆ. ದಸರಾ ಹೊತ್ತಿಗೆ ಗದ್ದೆ ಹಸಿರು ಕಣ್ಣಿಗೆ ಹೊಡಿತೈತಿ. "ಹೊನ್ನಾಳಿ ಹೊಡ್ತ" ಅಂತ ಮಾತಿದ್ರೂ ನಮ್ಮೂರು ಭಾಳ ಮೆತ್ತನೆ ಊರು. ರಾಯರ ಮಠ ಹೊಳಿ ದಂಡಿಗೇ ಐತಿ, ಎರಡನೇ ಮಂತ್ರಾಲಯ ಅಂತಾರ. ಹಿರೇಕಲ್ಮಠ ನೋಡ್ರಿ. ಟೈಮ್ ಇದ್ರೆ ಬೆಳಗುತ್ತಿ ಹತ್ತಿರ ತೀರ್ಥರಾಮೇಶ್ವರ, ಗುಡ್ಡದಾಗ ಬುಗ್ಗೆ ನೀರು ಬೀಳ್ತಾನೇ ಇರ್ತೈತಿ. ರಾಮ ಬಾಣ ಬಿಟ್ಟು ತೆಗೆಸಿದ ನೀರು ಅಂತ ನಮ್ಮ ಕಡೆ ನಂಬಿಕಿ.

ಉಕ್ಕಡಗಾತ್ರಿ ಅಜ್ಜಯ್ಯನ ಸನ್ನಿಧಿನೂ ಹೊಳಿ ದಂಡಿಗೇ ಐತಿ. ಆದ್ರ ಅಮಾವಾಸ್ಯೆ ದಿನ ಬ್ಯಾಡ್ರಿ, ಜನ ಜಾತ್ರಿ, ಮೈಮೇಲೆ ಬರೋರು ಕೂಗಾಡ್ತಿರ್ತಾರ, ಸಣ್ಣ ಹುಡುಗ ಹೆದರ್ತಾನ. ಬ್ಯಾರೆ ದಿನ ಶಾಂತ ಇರ್ತೈತಿ. ಹೊಳಿ ತುಂಬಿದ್ರ ಅಲ್ಲಿಗೆ ಹೋಗೋ ದಾರಿ ಮುಳುಗತೈತಿ. ಮಲೆನಾಡಾಗ ಮಳಿ ಜೋರು ಐತಿ, ಭದ್ರಾ ಡ್ಯಾಮಿಂದ ನೀರು ಬಿಟ್ಟಾರ ಅಂತ ಸುದ್ದಿ ಬಂದ್ರ ಆ ವಾರ ಹೊಳಿ ಕಡೆ ಬರೋದೇ ಬ್ಯಾಡ.

ರಾಣೆಬೆನ್ನೂರು ತವರು, ದಾವಣಗೆರೆ ಗಂಡನ ಮನೆ:

ಒಂದೇ ಒಂದು ಜಾಗ ಆರಿಸಿ ಅಂದರೆ ನಾನು ಚೌಡಯ್ಯದಾನಪುರ ಅಂತೀನಿ. ಹರಿಹರದ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ, ರಾಣೆಬೆನ್ನೂರು ಮೇಲೆ ಗುತ್ತಲದ ಕಡೆ ದಾರಿ. ಮುಕ್ತೇಶ್ವರ ಗುಡಿ, ಕಲ್ಯಾಣ ಚಾಲುಕ್ಯರ ಶೈಲಿ, ಒಂದೇ ಗರ್ಭಗುಡಿಯ ಸಣ್ಣ ಗುಡಿ. ಬುಡದಿಂದ ಶಿಖರದ ತನಕ ಒಡವೆ ಪೆಟ್ಟಿಗೆ ಥರ ಕೆತ್ತನೆ. ಅಂಗಳದಲ್ಲಿ ಆಳೆತ್ತರದ ಶಾಸನಕಲ್ಲುಗಳು. ಗುಡಿಯ ಮಗ್ಗುಲಲ್ಲೇ ಹೊಳೆ.

ಅಂಬಿಗರ ಚೌಡಯ್ಯನ ಊರದು. ಶಿವಪುರ ಅನ್ನೋ ಹಳ್ಳಿಯನ್ನು ಚೌಡಯ್ಯನಿಗೆ ದಾನ ಕೊಟ್ಟದ್ದರಿಂದ ಚೌಡಯ್ಯದಾನಪುರ ಆಯ್ತು ಅಂತ ಹಿರಿಯರು ಹೇಳ್ತಾರೆ. ದೋಣಿ ಹಾಕುತ್ತಿದ್ದವನು, ವಚನದಲ್ಲಿ ಯಾರ ಮುಲಾಜೂ ಇಲ್ಲದೆ ನೇರ ಬೈದವನು. ಅವನ ವಚನ ಶಾಲೆಯಲ್ಲಿ ಓದಿದ್ದೆ. ಆ ದಂಡೆಯಲ್ಲಿ ನಿಂತು ನೀರಿನ ಅಗಲ ನೋಡಿದ ದಿನ ಮಾತ್ರ ಅರ್ಥ ಆಯ್ತು, ಇಷ್ಟು ನೀರಿನ ಮೇಲೆ ದಿನವೂ ಜನರ ಜೀವ ಹೊತ್ತು ಆಚೆ ಮುಟ್ಟಿಸಿದವನಿಗೆ ಯಾರ ಭಯ ಇರುತ್ತೆ!

ಬೆಳಗ್ಗೆ ಹೋಗಿ. ಇಲ್ಲಿ ನೀವು ಹೊಳೆಯ ಪಶ್ಚಿಮ ದಂಡೆಯಲ್ಲಿರ್ತೀರಿ, ಹಾಗಾಗಿ ಸೂರ್ಯ ಹೊಳೆಯಾಚೆಯಿಂದ ಏಳ್ತಾನೆ. ಬುತ್ತಿಗೆ ಇದೇ ಜಾಗ. ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರನ್ನ ಕಟ್ಟಿಕೊಳ್ಳಿ. ಕುಡಿಯೋ ನೀರು ಮನೆಯಿಂದಲೇ ಒಯ್ಯಿರಿ. ಶಕ್ತಿ ಉಳಿದರೆ ಮುಂದೆ ಗಳಗನಾಥ, ವರದೆ ತುಂಗಭದ್ರೆಯನ್ನು ಕೂಡೋ ಜಾಗ, ಅಲ್ಲಿ ಗಳಗೇಶ್ವರ ಗುಡಿ. ಎರಡನ್ನೂ ಒಂದೇ ದಿನ ಮಾಡಬಹುದು. ಆದರೆ ಅಮ್ಮನ ಆಸೆ ಕೂರೋದು. ಓಡಾಡಿಸಿ ಸುಸ್ತು ಮಾಡಬೇಡಿ ಅನ್ನೋದು ನನ್ನ ಮನಸ್ಸು.

ಹಿರಿಯೂರಿನವರು:

ಎಲ್ಲರೂ ತುಂಗಭದ್ರೆ ತುಂಗಭದ್ರೆ ಅಂತಿದ್ದೀರಿ. ದುರ್ಗ ಜಿಲ್ಲೆಗೂ ಒಂದು ಹೊಳೆ ಇದೆ, ವೇದಾವತಿ. ಬಯಲುಸೀಮೆಯ ಹೊಳೆ, ವರ್ಷವಿಡೀ ತುಂಬಿ ಹರಿಯಲ್ಲ. ನಮಗೆ ಅದರ ಮೇಲೆ ಪ್ರೀತಿ ಜಾಸ್ತಿ ಇರೋದೂ ಅದಕ್ಕೇ. ವಾಣಿವಿಲಾಸ ಸಾಗರ ಅಂದರೆ ನಮ್ಮ ಬಾಯಲ್ಲಿ ಮಾರಿಕಣಿವೆ. 1898ರಲ್ಲಿ ಶುರು ಮಾಡಿ 1907ಕ್ಕೆ ಮುಗಿಸಿದ ಅಣೆಕಟ್ಟು, ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮುಂದೆ 89 ವರ್ಷ ಕೋಡಿಯೇ ಕಾಣಲಿಲ್ಲ. ನಮ್ಮ ತಾತ ಹುಡುಗನಾಗಿದ್ದಾಗ ಅದನ್ನು ನೋಡಿದ್ದರಂತೆ. ಅಪ್ಪ ನೋಡದೆಯೇ ತೀರಿಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು ಅಂದಾಗ ಅಂಗಡಿ ಮುಚ್ಚಿ ಓಡಿದೆ. ನೀರು ಧುಮುಕೋದನ್ನು ನೋಡ್ತಾ ಹೆಂಗಸರು ಅಳ್ತಾ ಇದ್ದರು, ನಾನೂ ಅತ್ತೆ. 2025ರ ಜನವರಿಯಲ್ಲಿ ಮತ್ತೆ ಬಿತ್ತು.

ಕಣಿವೆ ಮಾರಮ್ಮನಿಗೆ ಕೈ ಮುಗಿದು ಅಣೆಕಟ್ಟು ನೋಡಿ, ಹಿರಿಯೂರಿಗೆ ಬಂದು ತೇರು ಮಲ್ಲೇಶ್ವರನ ಗುಡಿ ನೋಡಿ. ಮುಖಮಂಟಪದ ಛಾವಣಿಯಲ್ಲಿ ಹಳೆ ಬಣ್ಣದ ಚಿತ್ರಗಳಿವೆ, ಕತ್ತೆತ್ತಿ ನೋಡದೆ ಎಷ್ಟೋ ಜನ ಹಾಗೇ ಒಳಗೆ ಹೋಗಿಬಿಡ್ತಾರೆ. ನಿಮಗೆ ದಾವಣಗೆರೆಯಿಂದ ದೂರ ಆಗುತ್ತೆ ನಿಜ, ಈ ಸಲ ಆಗದಿದ್ದರೆ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಹೆಸರು ಬೇಡ ಅಂದವರು:

ಹುಡುಗ ಬರ್ತಾನೆ ಅಂದಿದ್ದೀರಿ, ಅದಕ್ಕೆ ಬರೀತಿದ್ದೀನಿ. ನಾನು ಪಿಯುಸಿ ಓದುವಾಗ ನಾಲ್ವರು ಗೆಳೆಯರು ಹೊಳೆಗೆ ಹೋಗಿದ್ವಿ. ಮೊಣಕಾಲುದ್ದ ನೀರು. ಒಬ್ಬ ಎರಡು ಹೆಜ್ಜೆ ಮುಂದಿಟ್ಟ, ಅಷ್ಟೇ. ಮರಳು ತೆಗೆದ ಗುಂಡಿ ಅದು, ಮೇಲೆ ನೀರು ಸಮ ಇರುತ್ತೆ, ಕೆಳಗೆ ಎರಡಾಳು ಆಳ. ಅವನಿಗೆ ಈಜು ಬರ್ತಿತ್ತು. ಮೂರು ಜನ ಮನೆಗೆ ಬಂದ್ವಿ. ಹುಡುಗನನ್ನು ದಯವಿಟ್ಟು ನೀರಿಗೆ ಇಳಿಸಬೇಡಿ. ಪಾದ ನೆನೆಸಬೇಕು ಅಂದರೆ ಮೆಟ್ಟಿಲು ಕಟ್ಟಿದ ಜಾಗದಲ್ಲಿ, ಊರಿನವರನ್ನು ಕೇಳಿ, ನೀವು ಕೈ ಹಿಡಿದುಕೊಂಡೇ. ಊರಿನ ಹೆಂಗಸರು ಬಟ್ಟೆ ಒಗೆಯೋ ಕಡೆ ಕೇಳಿದರೆ ಎಲ್ಲಿ ಮಡು, ಎಲ್ಲಿ ಸುಳಿ ಅಂತ ಸರಿಯಾಗಿ ಹೇಳ್ತಾರೆ.

ಶಿವಮೊಗ್ಗದಲ್ಲಿ ಕೆಲಸ ಮಾಡೋರು:

ಕೂಡ್ಲಿ ಯಾರೂ ಹೇಳಲಿಲ್ಲ. ತುಂಗೆ ಭದ್ರೆ ಎರಡೂ ಸೇರಿ ತುಂಗಭದ್ರೆ ಆಗೋದೇ ಅಲ್ಲಿ. ಹೊನ್ನಾಳಿಯಿಂದ ಶಿವಮೊಗ್ಗಕ್ಕೆ 40 ಕಿಲೋಮೀಟರ್ ಸುಮಾರು, ಅಲ್ಲಿಂದ ಹೊಳೆಹೊನ್ನೂರು ಕಡೆ. ಸಂಗಮದ ಹತ್ತಿರ ಪುಟ್ಟ ನಂದಿ, ಊರೊಳಗೆ ಹೊಯ್ಸಳರ ಕಾಲದ ರಾಮೇಶ್ವರ ಗುಡಿ, ಮಠಗಳು. ಭಾನುವಾರ ಬಿಟ್ಟು ಹೋಗಿ.

ಕೇಳಿದವರು, ಹೋಗಿ ಬಂದ ಮೇಲೆ:

ಎಲ್ಲರಿಗೂ ವಂದನೆ. ಎರಡು ದಿನದಲ್ಲಿ ಆರು ಊರು ಅಂತ ಮೊದಲು ಪಟ್ಟಿ ಮಾಡಿದ್ದೆ. ರಾಣೆಬೆನ್ನೂರಿನವರ ಮಾತು ಓದಿ ಹರಿದು ಹಾಕಿದೆ. ಹರಿಹರ ಒಂದು ಸಂಜೆ, ಮಾರನೇ ದಿನ ಹೊನ್ನಾಳಿ, ಅಷ್ಟೇ ಮಾಡಿದ್ದು.

ಹರಿಹರೇಶ್ವರನ ಗುಡಿಯಲ್ಲಿ ಮಗ ಒಂದೊಂದೇ ಕಂಬ ಸವರುತ್ತಾ ಹೋದ, ಓರೆ ಗೆರೆ ಎಲ್ಲೂ ಸಿಗಲಿಲ್ಲ ಅಂದ. ನಿಮ್ಮ ತಂದೆಯವರ ವಿಷಯ ಅವನಿಗೆ ಹೇಳಿದೆ. ಮನೆಗೆ ಬಂದು ಲೇತ್ ಹೇಗೆ ತಿರುಗುತ್ತೆ ಅಂತ ವಿಡಿಯೋ ಹಾಕಿಸಿಕೊಂಡು ನೋಡಿದ.

ಹೊನ್ನಾಳಿಯಲ್ಲಿ ರಾಯರ ದರ್ಶನ ಮುಗಿಸಿ, ಊರಿನವರು ತೋರಿಸಿದ ಮೆಟ್ಟಿಲ ಹತ್ತಿರ ಬುತ್ತಿ ಬಿಚ್ಚಿದ್ವಿ. ಅಮ್ಮ ಮೊದಲು ಉಣ್ಣಲಿಲ್ಲ. ಸೆರಗಿನ ಗಂಟಿನಲ್ಲಿ ಅರಿಶಿನ ಕುಂಕುಮ ಕಟ್ಟಿಕೊಂಡು ಬಂದಿದ್ದಾರೆ, ನನಗೆ ಗೊತ್ತೇ ಇರಲಿಲ್ಲ. ನೀರಿಗೆ ಹಾಕಿ, ಒಂದು ತುತ್ತು ಮೊಸರನ್ನ ಬಿಟ್ಟು, ಆಮೇಲೆ ಕೂತರು. ಮದುವೆಯಾಗಿ ಬರುವಾಗ ಹರಿಗೋಲಿನಲ್ಲಿ ಹೊಳೆ ದಾಟಿಸಿದ್ದರಂತೆ. ನಡುನೀರಿನಲ್ಲಿ ಹರಿಗೋಲು ಗಿರ್ರನೆ ತಿರುಗಿದಾಗ ಹೆದರಿ ಅತ್ತೆಯ ಕೈ ಹಿಡಿದುಕೊಂಡರಂತೆ, ಅವರ ಕೈ ಮುಟ್ಟಿದ್ದು ಅದೇ ಮೊದಲು. ನನಗೆ ನಲವತ್ತೊಂದು ವರ್ಷ, ಈ ಕಥೆ ಯಾವತ್ತೂ ಕೇಳಿರಲಿಲ್ಲ.

ಚೌಡಯ್ಯದಾನಪುರಕ್ಕೆ ಸಂಕ್ರಾಂತಿಗೆ ಹೋಗೋಣ ಅಂತ ಅಮ್ಮನೇ ದಿನ ಗೊತ್ತು ಮಾಡಿದ್ದಾರೆ. ಸೂರ್ಯ ಏಳೋ ಹೊತ್ತಿಗೆ ಅಲ್ಲಿರಬೇಕು ಅಂದರೆ ದಾವಣಗೆರೆಯಿಂದ ಎಷ್ಟು ಗಂಟೆಗೆ ಬಿಡಬೇಕು, ಅಷ್ಟು ಬೇಗ ಗುಡಿ ಅಂಗಳಕ್ಕೆ ಬಿಡ್ತಾರಾ, ಯಾರಿಗಾದರೂ ಗೊತ್ತಿದ್ದರೆ ಹೇಳಿ.