ವಿಯೆಟ್ನಾಂ ಬಿಳಿ ಮಾರ್ಬಲ್ ಕೊಳ್ಳುವ ಮುನ್ನ ಏನು ನೋಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಹಜಾರಕ್ಕೂ ದೇವರ ಮನೆಗೂ ಬಿಳಿ ಮಾರ್ಬಲ್ ಹಾಕಿಸುವ ಆಸೆ. ಜಿಗಣಿಯ ಅಂಗಡಿಯೊಂದರಲ್ಲಿ, ರಾಜಸ್ಥಾನದ ಮಕ್ರಾನಾ ಮಾರ್ಬಲ್ ಬೇಡ, ‘ವಿಯೆಟ್ನಾಂ ವೈಟ್’ ತೆಗೆದುಕೊಳ್ಳಿ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಕಲ್ಲು ಒಳ್ಳೆಯದೇ. ಆದರೆ ಆ ಹೆಸರೊಂದರಿಂದ ಏನೂ ತಿಳಿಯುವುದಿಲ್ಲ. ಉತ್ತರ ವಿಯೆಟ್ನಾಮಿನ ಲುಕ್ ಯೆನ್ ಬೆಟ್ಟಗಳ ಕಲ್ಲಿಗೂ ಅದೇ ಹೆಸರು, ಇನ್ನೂ ದಕ್ಷಿಣದ ಕ್ವಿ ಹೋಪ್ ಗಣಿಗಳ ಕಲ್ಲಿಗೂ ಅದೇ ಹೆಸರು. ಅಚ್ಚ ಬಿಳಿಯದೂ ಬೂದುಗೆರೆಯದೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಆದ್ದರಿಂದ ಅಂಗೈಯಗಲದ ಮಾದರಿ ನೋಡಿ ಮುಂಗಡ ಕೊಡಲೇಬೇಡಿ. ನಿಮಗೆ ಬರುವ ಲಾಟನ್ನೇ ಬಿಸಿಲಿಗೆ ತೆಗೆಸಿ, ನೀರು ಚಿಮುಕಿಸಿ ನೋಡಿ. ಬಿರುಕಿದ್ದರೆ ಆ ಜಾಗ ತಡವಾಗಿ ಒಣಗಿ ಗೆರೆ ಕಾಣಿಸುತ್ತದೆ. ಕಲ್ಲಿನ ಸ್ಲ್ಯಾಬಿನ ಹಿಂದೆ, ಒಡೆಯದಿರಲೆಂದು, ನಾರಿನ ಬಲೆ ಅಂಟಿಸಿದ್ದರೆ ಎರಡು ಬದಿಯನ್ನೂ ಪರೀಕ್ಷಿಸಿ. ಹಜಾರಕ್ಕೆ ಬೇಕಾದಷ್ಟೂ ಒಂದೇ ಬ್ಲಾಕಿನದಾಗಿರಲಿ (ಗಣಿಯಿಂದ ತೆಗೆದ ಒಂದೇ ದೊಡ್ಡ ಬಂಡೆಯಿಂದ ಕೊಯ್ದದ್ದು), ಸ್ಲ್ಯಾಬ್ ಸಂಖ್ಯೆಗಳನ್ನು ಬಿಲ್ಲಿನಲ್ಲಿ ಬರೆಸಿ. ಮುರಿತಕ್ಕೆಂದು ಹತ್ತು ಶೇಕಡಾದಷ್ಟು ಹೆಚ್ಚಿಗೆ ಈಗಲೇ ಕೊಳ್ಳಿ. ಆಮೇಲೆ ಹುಡುಕಿದರೆ ಅದೇ ಬಣ್ಣ ಸಿಗುವುದು ಕಷ್ಟ.

ಪ್ರಶ್ನೆ: ನಮ್ಮ ಸಂಬಂಧಿಕರ ಮನೆಯಲ್ಲಿ ಬಿಳಿ ನೆಲ ಎರಡೇ ವರ್ಷಕ್ಕೆ ಹಳದಿಯಾಯಿತು. ಇದೂ ಹಾಗಾಗುತ್ತದೆಯೇ?

ಉತ್ತರ: ಆಗಬಹುದು, ಅದು ಯಾವ ದೇಶದ ಕಲ್ಲಾದರೂ ಸರಿ. ಕಲ್ಲಿನೊಳಗೆ ಕಬ್ಬಿಣದ ಅಂಶವಿದ್ದು ಅಡಿಯಿಂದ ತೇವ ಏರುತ್ತಿದ್ದರೆ ಅದು ತುಕ್ಕು ಹಿಡಿದು ಮೇಲೆ ಹಳದಿ ಕಾಣುತ್ತದೆ. ಇಂಥ ದೂರುಗಳಲ್ಲಿ ನಾನು ಮೊದಲು ಕೇಳುವುದು ಕಲ್ಲಿನ ಬಗ್ಗೆ ಅಲ್ಲ, ಹಾಕಿದ ರೀತಿಯ ಬಗ್ಗೆ. ಕೆಳಗಿನ ಕಾಂಕ್ರೀಟ್ ಪೂರ್ತಿ ಒಣಗಿರಬೇಕು. ಸ್ಲ್ಯಾಬ್ ಕೂರಿಸಲು ಬಿಳಿ ಸಿಮೆಂಟ್ ಅಥವಾ ಬಿಳಿ ಅಂಟನ್ನೇ ಬಳಸಬೇಕು; ಬೂದು ಸಿಮೆಂಟಿನ ಛಾಯೆ ತಿಳಿ ಕಲ್ಲಿನಲ್ಲಿ ಮೇಲೆ ಕಾಣುತ್ತದೆ. ತೇವ ಆರುವ ಮೊದಲೇ ಸೀಲರ್ (ನೀರು, ಕಲೆ ಇಂಗದಂತೆ ಕಲ್ಲಿಗೆ ಹಚ್ಚುವ ದ್ರವ) ಬಳಿದರೆ ನೀರು ಒಳಗೇ ಉಳಿಯುತ್ತದೆ. ಗುತ್ತಿಗೆದಾರರು ಎಷ್ಟೇ ಅವಸರಪಡಿಸಿದರೂ ಇಲ್ಲಿ ಮಣಿಯಬೇಡಿ. ಸ್ನಾನಗೃಹ ಒರೆಸುವ ಆಮ್ಲವನ್ನಂತೂ ಈ ನೆಲಕ್ಕೆ ತಾಗಿಸಲೇಬಾರದು.

ಪ್ರಶ್ನೆ: ಅಡುಗೆಮನೆಯ ಕಟ್ಟೆಗೂ ಇದನ್ನೇ ಹಾಕಿಸಿದರೆ?

ಉತ್ತರ: ದಯವಿಟ್ಟು ಬೇಡ. ಮಾರ್ಬಲ್ ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ, ಹುಣಸೆರಸ ಬಿದ್ದಲ್ಲಿ ಪಾಲಿಶ್ ಹೋಗಿ ಮಂಕಾಗುತ್ತದೆ, ಸೀಲರ್ ಇದನ್ನು ತಡೆಯುವುದಿಲ್ಲ. ಕಟ್ಟೆಗೆ ನಮ್ಮ ಗ್ರಾನೈಟೇ ಸರಿ. ದೇವರ ಮನೆಯಲ್ಲಿ ಎಣ್ಣೆ, ಕುಂಕುಮ ಇಂಗದಂತೆ ದೀಪದ ಕೆಳಗೆ ಹಿತ್ತಾಳೆ ತಟ್ಟೆ ಇಡಿ.