ಸಹಾಯ ಬೇಕು: ಸೀರೆ ಕವರ್‌ಗೆ ಯಾವ ಕಸ್ಟಮ್ಸ್ ಕೋಡ್?

ಎಲ್ಲರಿಗೂ ನಮಸ್ಕಾರ. ಮಾಮೂಲ್‌ಪೇಟೆಯಲ್ಲಿ ನಮ್ಮದೊಂದು ಚಿಕ್ಕ ಹೋಲ್‌ಸೇಲ್ ಅಂಗಡಿ. ಮೊದಲ ಸಲ ಚೀನಾದಿಂದ ನೇರವಾಗಿ ಮಾಲು ತರಿಸುತ್ತಿದ್ದೇವೆ. ಕಂಟೇನರ್ ವೈಟ್‌ಫೀಲ್ಡ್ ಐಸಿಡಿಗೆ (ಕಸ್ಟಮ್ಸ್ ತಪಾಸಣೆ ಆಗುವ ಒಳನಾಡು ಕಂಟೇನರ್ ಡಿಪೋ) ಬರುವುದರೊಳಗೆ ಕೋಡ್, ಅಂದರೆ ಸುಂಕಕ್ಕಾಗಿ ಮಾಲು ಯಾವ ವರ್ಗ ಅಂತ ಹೇಳುವ ಸಂಖ್ಯೆ, ತೀರ್ಮಾನ ಆಗಬೇಕು.

ಒಂದು ಮಾಲು ವ್ಯಾಕ್ಯೂಮ್ ಬ್ಯಾಗ್. ಪೂರ್ತಿ ಪ್ಲಾಸ್ಟಿಕ್, ರಜಾಯಿ ತುಂಬಿ ಗಾಳಿ ಎಳೆದರೆ ಹಪ್ಪಳದ ಹಾಗೆ ಚಪ್ಪಟೆ. ಕೋಡ್ 3923 ಇರುವುದು ಸರಕು ಸಾಗಿಸುವ, ಪ್ಯಾಕ್ ಮಾಡುವ ಪ್ಲಾಸ್ಟಿಕ್ ಚೀಲಗಳಿಗೆ. ಇದು ಮನೆಬಳಕೆಯದು, ಮನೆಬಳಕೆಯ ಪ್ಲಾಸ್ಟಿಕ್ ವಸ್ತುಗಳ 3924 ಹಾಕೋಣ ಅಂದರು ನಮ್ಮ ಕಸ್ಟಮ್ಸ್ ಬ್ರೋಕರ್. ನನಗೂ ಸರಿ ಅನ್ನಿಸಿತು.

ತಲೆನೋವು ಸೀರೆ ಕವರ್‌ದು. ಹಿಂದೆ ನಾನ್‌ವೋವನ್ ಬಟ್ಟೆ. ಮುಂದೆ ಅಂಚು ಕಾಣಲಿ ಅಂತ ಪಾರದರ್ಶಕ ಪಿವಿಸಿ ಹಾಳೆ. ಮೂರು ಬದಿಗೆ ಜಿಪ್, ಹಿಡಿಕೆ ಇಲ್ಲ. ಬ್ರೋಕರ್ 4202 ಅನ್ನುತ್ತಾರೆ, ಏಕೆಂದರೆ ಹೊರಮೈ ಪ್ಲಾಸ್ಟಿಕ್ ಹಾಳೆ ಅಥವಾ ಬಟ್ಟೆ ಇರುವ ಚೀಲಗಳೂ ಅಲ್ಲಿವೆ. ಆದರೆ ಆ ಪಟ್ಟಿಯಲ್ಲಿರುವುದು ಟ್ರಾವೆಲ್ ಬ್ಯಾಗ್, ಹ್ಯಾಂಡ್‌ಬ್ಯಾಗ್, ಶಾಪಿಂಗ್ ಬ್ಯಾಗ್ ಥರದವು. ಬೀರು ಬಿಟ್ಟು ಅಲ್ಲಾಡದ ಕವರ್ ಅಲ್ಲಿಗೆ ಹೇಗೆ ಸೇರುತ್ತೆ? ಬಟ್ಟೆಯಿಂದ ಹೊಲಿದ ಇತರ ಸಿದ್ಧ ವಸ್ತುಗಳ ಕೋಡ್ 6307ರ ವಿವರಣಾ ಟಿಪ್ಪಣಿಯಲ್ಲಿ ಬಟ್ಟೆ ಇಡುವ ಚೀಲದ ಹೆಸರೇ ಇದೆ ಅಲ್ವಾ? ಇನ್ನು ಬೇರೆ ಬೇರೆ ವಸ್ತು ಸೇರಿಸಿ ಮಾಡಿದ ಮಾಲಿಗೆ ಕೋಡ್ ಆರಿಸುವ ರೂಲ್ 3(ಬಿ) ಪ್ರಕಾರ ಮುಖ್ಯ ಗುಣ ಕೊಡುವುದು ಬಟ್ಟೆಯೋ, ಪಿವಿಸಿಯೋ?

ಅಡ್ವಾನ್ಸ್ ರೂಲಿಂಗ್‌ಗೆ, ಅಂದರೆ ಯಾವ ಕೋಡ್ ಅಂತ ಮೊದಲೇ ಅಧಿಕೃತ ಆದೇಶ ಕೇಳುವುದಕ್ಕೆ, ಹೋಗಬಹುದು. ಫೀಸು 10,000 ರೂಪಾಯಿ, ಆದೇಶಕ್ಕೆ 3 ತಿಂಗಳು. ಅಷ್ಟರಲ್ಲಿ ಮದುವೆ ಸೀಸನ್ನೇ ಮುಗಿದಿರುತ್ತೆ!

ಇಂಥ ಕವರ್‌ಗೆ ಬಿಲ್ ಆಫ್ ಎಂಟ್ರಿ (ಆಮದು ಘೋಷಣಾ ಪತ್ರ) ಹಾಕಿದವರು ಯಾವ ಕೋಡ್ ಬಳಸಿದಿರಿ? ಪ್ರಾವಿಷನಲ್ ಅಸೆಸ್‌ಮೆಂಟ್ (ಅಂತಿಮ ತೀರ್ಮಾನದವರೆಗೆ ತಾತ್ಕಾಲಿಕ ಸುಂಕ ನಿಗದಿ) ಕೇಳಿದರೆ ಬಾಂಡ್ ಕೊಟ್ಟು ಮಾಲು ಬೇಗ ಬಿಡಿಸಿಕೊಳ್ಳಬಹುದಾ? ಸ್ಯಾಂಪಲ್ ಫೋಟೊ ಕಮೆಂಟ್‌ನಲ್ಲಿ ಹಾಕಿದ್ದೇನೆ.